ಕದ್ರಾ ಹಿನ್ನೀರು ಇಳಿದಾಗ ಮೀನು ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾನು ಕಾರವಾರದವನು. ರಜೆ ಸಿಕ್ಕಾಗ ಗೆಳೆಯರ ಜೊತೆ ಕಾಳಿ ನದಿಯ ಕದ್ರಾ ಅಣೆಕಟ್ಟಿನ ಹಿನ್ನೀರಿಗೆ ಗಾಳ ಹಾಕಲು ಹೋಗುತ್ತೇನೆ. ಒಂದು ವಾರ ಜಿಲೇಬಿ (ತಿಲಾಪಿಯಾ), ರೋಹು ಮೀನು ಚೆನ್ನಾಗಿ ಸಿಗುತ್ತದೆ. ಮುಂದಿನ ವಾರ ಅದೇ ಜಾಗ, ಅದೇ ಹೊತ್ತು, ಅದೇ ಎರೆಹುಳು, ಆದರೆ ಒಂದು ಮೀನೂ ಮುಟ್ಟುವುದಿಲ್ಲ. ನೀರು ಮಾತ್ರ ಇಳಿದಿರುತ್ತದೆ, ಇಲ್ಲವೇ ಏರಿರುತ್ತದೆ. ಹೆಂಡತಿಯ ಊರು ಶಿರಸಿ ಕಡೆ. ಅಲ್ಲಿ ಕೆರೆ ನೀರು ಕಡಿಮೆಯಾದಷ್ಟೂ ಮೀನು ಜಾಸ್ತಿ ಅನ್ನುತ್ತಾರೆ. ಕದ್ರಾದಲ್ಲಿ ಹಾಗೆ ಕಾಣುವುದಿಲ್ಲ. ನೀರು ಜಾಸ್ತಿ ಇದ್ದಾಗ ಹೋಗಬೇಕೋ, ಕಡಿಮೆ ಇದ್ದಾಗಲೋ?

ಉತ್ತರ: ನೀರು ಎಷ್ಟಿದೆ ಅನ್ನುವುದನ್ನು ಸ್ವಲ್ಪ ಪಕ್ಕಕ್ಕಿಡಿ. ಅದು ಏರುತ್ತಿದೆಯೋ, ಇಳಿಯುತ್ತಿದೆಯೋ, ಎಷ್ಟು ಬೇಗ ಅನ್ನುವುದನ್ನು ಮೊದಲು ನೋಡಿ. ಹದಿನೈದು ದಿನದಿಂದ ಕೆಳಮಟ್ಟದಲ್ಲೇ ನಿಂತಿರುವ ನೀರಿನಲ್ಲಿ ಮೀನು ಆರಾಮಾಗಿ ಮೇಯುತ್ತಿರುತ್ತದೆ. ಜಲಾಶಯ ಮುಕ್ಕಾಲು ತುಂಬಿದ್ದರೂ ನಿನ್ನೆ ರಾತ್ರಿಯಿಂದ ಎರಡು ಅಡಿ ಇಳಿದಿದ್ದರೆ ದಡದಲ್ಲಿದ್ದ ಮೀನು ದಡ ಬಿಟ್ಟಿರುತ್ತದೆ. ಇದೇ ಕಾರಣಕ್ಕೆ ನಿಮಗೆ ಕದ್ರಾದ ಲೆಕ್ಕ ಹತ್ತುತ್ತಿಲ್ಲ, ಶಿರಸಿಯವರ ಮಾತು ಇಲ್ಲಿಗೆ ಹೊಂದುತ್ತಿಲ್ಲ.

ನೀವು ಅದೇ ಜಾಗ ಅಂತ ಬರೆದಿದ್ದೀರಿ. ಅದು ಅದೇ ಜಾಗ ಅಲ್ಲವೇ ಅಲ್ಲ. ದಡ ತೀರಾ ನಿಧಾನಕ್ಕೆ ಇಳಿಯುವ ಕಡೆ, ಮೂವತ್ತು ಅಡಿ ನಡೆದರೆ ಒಂದು ಅಡಿ ಆಳ ಅನ್ನುವಂಥ ಕಡೆ, ನೀರು ಒಂದು ಅಡಿ ಇಳಿದರೆ ಅಂಚು ಮೂವತ್ತು ಅಡಿ ಹಿಂದೆ ಸರಿಯುತ್ತದೆ. ಹೋದ ವಾರ ನಿಮ್ಮ ಗಾಳ ಬಿದ್ದಿದ್ದು ನಾಲ್ಕು ಅಡಿ ನೀರಿನಲ್ಲಿ ಅಂದುಕೊಳ್ಳಿ. ನೀರು ಎರಡು ಅಡಿ ಇಳಿದ ಈ ವಾರ ಅದೇ ಬಂಡೆ ಮೇಲೆ ಕೂತು ಅಷ್ಟೇ ದೂರ ಎಸೆದರೆ ಅದು ಎರಡು ಅಡಿಯಲ್ಲಿ ಬೀಳುತ್ತದೆ, ಅದೂ ಕೆಸರಿನ ಮೇಲೆ. ಮೀನಿಗೆ ನಿಮ್ಮ ಬಂಡೆ ಗೊತ್ತಿಲ್ಲ. ಅದಕ್ಕೆ ಬೇಕಾದದ್ದು ಒಂದಿಷ್ಟು ಆಳ, ಒಂದಿಷ್ಟು ಮರೆ, ಮೇಯಲು ಏನಾದರೂ. ಇವು ಮೂರೂ ಒಟ್ಟಿಗಿರುವ ಜಾಗ ನೀರಿನ ಜೊತೆ ಸರಿಯುತ್ತದೆ, ಮೀನೂ ಸರಿಯುತ್ತದೆ.

ಕಡಿದಾದ ದಡದಲ್ಲಿ ಇಷ್ಟು ರಗಳೆ ಇಲ್ಲ. ಅಲ್ಲಿ ನೀರು ಎರಡು ಅಡಿ ಇಳಿದರೂ ಮೀನು ಎರಡು ಅಡಿ ಕೆಳಗೆ ಹೋದರೆ ಆಯಿತು, ದೂರ ಓಡಬೇಕಿಲ್ಲ. ಹಾಗಾಗಿ ಮಟ್ಟ ದಿನಾ ಕುಣಿಯುವ ಜಲಾಶಯದಲ್ಲಿ ನನ್ನ ಮೊದಲ ಸಲಹೆ ಇದೇ. ಚಾಪೆ ಹಾಸಿಕೊಂಡು ಕೂರಲು ಚೆಂದ ಕಾಣುವ ಹುಲ್ಲಿನ ದಡ ಬಿಡಿ. ಕಲ್ಲು ಬಂಡೆ ನೇರ ನೀರಿಗೆ ಇಳಿದಿರುವ ಮೂಲೆ, ಗುಡ್ಡದ ಮೂತಿ ನೀರೊಳಗೆ ಚಾಚಿಕೊಂಡಿರುವ ಕಡೆ ಹುಡುಕಿ. ಕದ್ರಾ ಹಿನ್ನೀರು ಎರಡೂ ಕಡೆ ಗುಡ್ಡಗಳ ನಡುವೆ ಇರುವುದರಿಂದ ಇಂಥ ಜಾಗಕ್ಕೆ ಬರ ಇಲ್ಲ.

ಈಗ ಕದ್ರಾ ನೀರು ಯಾಕೆ ಹೀಗೆ ಕುಣಿಯುತ್ತದೆ ಅನ್ನುವುದು. ಕಾಳಿ ನದಿಗೆ ಮೇಲಿನಿಂದ ಕೆಳಗಿನವರೆಗೆ ಸಾಲಾಗಿ ಅಣೆಕಟ್ಟುಗಳಿವೆ. ಗಣೇಶಗುಡಿಯ ಸೂಪಾ, ಅಲ್ಲಿಂದ ಬೊಮ್ಮನಹಳ್ಳಿ, ಅಲ್ಲಿನ ನೀರು ನಾಗಝರಿ ವಿದ್ಯುದಾಗಾರಕ್ಕೆ, ಅಲ್ಲಿಂದ ಹೊರಬಿದ್ದದ್ದು ಕೊಡಸಳ್ಳಿಗೆ, ಕೊಡಸಳ್ಳಿಯದ್ದು ಕದ್ರಾಕ್ಕೆ. ಕದ್ರಾ ಕೊನೆಯದು, ಅದರ ಕೆಳಗೆ ಕಾರವಾರದ ಸಮುದ್ರ. ಸೂಪಾ ದೊಡ್ಡ ಉಗ್ರಾಣ, ಸುಮಾರು 147 ಟಿಎಂಸಿ ಹಿಡಿಯುತ್ತದೆ. ಅದರ ಮುಂದೆ ಕದ್ರಾ ತೀರಾ ಚಿಕ್ಕದು, 150 ಮೆಗಾವ್ಯಾಟ್‌ನ ವಿದ್ಯುದಾಗಾರಕ್ಕೆ ನೀರು ಕೊಡುತ್ತದೆ. ಚಿಕ್ಕ ಜಲಾಶಯಕ್ಕೆ ಮೇಲಿನಿಂದ ನೀರು ಬಂದರೂ ಕೆಳಗೆ ಬಿಟ್ಟರೂ ಮಟ್ಟದಲ್ಲಿ ಬೇಗ ಗೊತ್ತಾಗುತ್ತದೆ. ಜಲವಿದ್ಯುತ್ತನ್ನು ಬೇಕೆಂದಾಗ ಚಾಲೂ ಮಾಡಿ ಬೇಡವೆಂದಾಗ ನಿಲ್ಲಿಸಬಹುದು. ಅದಕ್ಕೇ ಬೆಳಿಗ್ಗೆ ಮತ್ತು ಸಂಜೆ ಕರೆಂಟಿಗೆ ಬೇಡಿಕೆ ಏರುವ ಹೊತ್ತಿಗೆ ಇದನ್ನು ಹೆಚ್ಚು ಬಳಸುತ್ತಾರೆ. ಭಾನುವಾರ ಬೇಡಿಕೆ ಸಾಮಾನ್ಯವಾಗಿ ಕಡಿಮೆ. ನೀವು ಶನಿವಾರ ನೋಡಿದ ನೀರು ಭಾನುವಾರ ಬೇರೆ ರೀತಿ ನಡೆದುಕೊಂಡರೆ ಅದರಲ್ಲಿ ಮೀನಿನ ತಪ್ಪೇನೂ ಇಲ್ಲ!

ಇನ್ನೊಂದು ವಿಷಯ. ಕದ್ರಾದ ಪೂರ್ಣ ಮಟ್ಟ 34.50 ಮೀಟರ್. ಆದರೆ ಮಳೆಗಾಲದಲ್ಲಿ ಅಷ್ಟಕ್ಕೂ ತುಂಬಿಸಿ ಕೂರುವಂತಿಲ್ಲ. 2019ರ ಆಗಸ್ಟ್‌ನಲ್ಲಿ ಮತ್ತು 2021ರ ಜುಲೈನಲ್ಲಿ ಗೇಟ್ ತೆಗೆದು ಬಿಟ್ಟ ನೀರಿಗೆ ಕೆಳಗಿನ ಊರುಗಳು ಮುಳುಗಿದ್ದು ನಿಮಗೆ ನೆನಪಿರಬಹುದು. ಮಳೆ ಜೋರಾಗುವ ಮುಂಚೆ ಜಾಗ ಖಾಲಿ ಮಾಡಿಕೊಳ್ಳುತ್ತಾರೆ. ಹಾಗಾಗಿ ಹೊರಗೆ ಧಾರಾಕಾರ ಮಳೆ, ಒಳಗೆ ನೀರು ಮಾತ್ರ ಇಳಿಯುತ್ತಿದೆ ಅನ್ನುವ ವಿಚಿತ್ರವೂ ಇಲ್ಲಿ ನಡೆಯುತ್ತದೆ. ಮಳೆ ನೋಡಿ ಮಟ್ಟ ಊಹಿಸಬೇಡಿ.

ನೀರು ಇಳಿಯುವಾಗ ಏನಾಗುತ್ತದೆ ಅಂತ ನೋಡೋಣ. ದಡದ ಹತ್ತಿರ ಮೇಯುತ್ತಿದ್ದ ಮೀನು ಮೊದಲು ಹತ್ತಿರದ ಆಳಕ್ಕೆ ಜಾರುತ್ತದೆ. ಮುಳುಗಿದ ಹಳ್ಳದ ಹಳೆಯ ಪಾತ್ರ, ಮರದ ಬೊಡ್ಡೆಗಳು, ಬಂಡೆಯ ಅಂಚು, ಇಂಥ ಕಡೆ. ಬೇಗ ಇಳಿದರೆ ಅದು ಒಂದಷ್ಟು ಹೊತ್ತು ಬಾಯಿ ಮುಚ್ಚಿಕೊಂಡೇ ಇರುತ್ತದೆ. ಸಿಕ್ಕಿಬಿದ್ದೀತು ಅನ್ನುವ ಭಯ ಅದರ ಮೈಯಲ್ಲೇ ಇದೆ ಅನ್ನಿ, ತಗ್ಗು ಗುಂಡಿಯಲ್ಲಿ ಉಳಿದ ಮೀನಿಗೆ ಕೊಕ್ಕರೆ, ನೀರುಕಾಗೆ ಕಾದಿರುತ್ತವಲ್ಲ. ನಿಧಾನಕ್ಕೆ, ದಿನಕ್ಕೆ ಒಂದೆರಡು ಇಂಚು ಇಳಿದರೆ ಕಥೆಯೇ ಬೇರೆ. ಆಗ ಮೀನು ಹೆದರುವುದಿಲ್ಲ, ಬರೀ ಒತ್ತಾಗುತ್ತಾ ಹೋಗುತ್ತದೆ. ಸಣ್ಣ ಮೀನಿಗೆ ಅಡಗಲು ಇದ್ದ ಹುಲ್ಲು ಒಣದಂಡೆಗೆ ಬಿದ್ದಿರುತ್ತದೆ, ಅದು ಬಯಲಿಗೆ ಬರುತ್ತದೆ, ದೊಡ್ಡ ಮೀನು ಅದರ ಹಿಂದೆ ಬರುತ್ತದೆ. ಕೊರವದಂಥ ಬೇಟೆ ಮೀನಿಗೆ ಇದು ಸುಗ್ಗಿ, ಸಿಗಡಿಯನ್ನೋ ಸಣ್ಣ ಮೀನನ್ನೋ ಗಾಳಕ್ಕೆ ಚುಚ್ಚಿ ಕಾಯುವವರಿಗೂ.

ಇಳಿದ ನೀರು ನಿಮಗೆ ಒಂದು ಉಪಕಾರವನ್ನೂ ಮಾಡುತ್ತದೆ, ಅದನ್ನು ಬಹಳ ಜನ ಬಳಸಿಕೊಳ್ಳುವುದಿಲ್ಲ. ತಳ ತೋರಿಸುತ್ತದೆ. ಒಣಗಿದ ದಡದಲ್ಲಿ ನಡೆದು ನೋಡಿ. ಜಿಲೇಬಿ ಇರುವ ಕಡೆ ಕೆಸರಿನಲ್ಲಿ ಬಟ್ಟಲಿನಾಕಾರದ ಸಣ್ಣ ಗುಂಡಿಗಳು ಒತ್ತೊತ್ತಾಗಿ ಕಾಣಬಹುದು. ಗಂಡು ಜಿಲೇಬಿ ಮರಿ ಮಾಡುವ ಕಾಲದಲ್ಲಿ ತೋಡಿದ್ದು ಅವು. ಹೆಣ್ಣು ಅಲ್ಲಿ ಮೊಟ್ಟೆ ಇಟ್ಟು ಅದನ್ನು ಬಾಯಲ್ಲಿ ಹಾಕಿಕೊಂಡು ಹೋಗುತ್ತದೆ. ನೀರು ಇಳಿದಾಗ ಗಂಡು ಆ ಗುಂಡಿ ಬಿಟ್ಟು ಮುಂದಕ್ಕೆ ಹೋಗಿ ಅಷ್ಟೇ ಆಳದಲ್ಲಿ ಹೊಸದು ತೋಡುತ್ತದೆ. ಹಳೇ ದಡದ ಗೆರೆಯಿಂದ ಗುಂಡಿಗಳು ಎಷ್ಟು ತಗ್ಗಿನಲ್ಲಿವೆ ಅಂತ ಕಣ್ಣಳತೆ ಮಾಡಿ, ಈಗಿನ ನೀರಿನಲ್ಲಿ ಅಷ್ಟೇ ಆಳ ಎಲ್ಲಿ ಸಿಗುತ್ತದೆ ನೋಡಿ ಅಲ್ಲಿಗೆ ಎಸೆಯಿರಿ. ಗುಂಡಿ ಕಾಯುವ ಗಂಡು ಹಸಿವಿಲ್ಲದಿದ್ದರೂ ಹತ್ತಿರ ಬಂದದ್ದನ್ನು ಕಚ್ಚುತ್ತದೆ. ಬೇಸಿಗೆಯಲ್ಲಿ ಬೊಡ್ಡೆ, ಬಂಡೆ, ಹಳೇ ಗದ್ದೆಯ ಅಂಚು ಇವನ್ನೆಲ್ಲ ಮೊಬೈಲಿನಲ್ಲಿ ಫೋಟೋ ತೆಗೆದಿಟ್ಟುಕೊಳ್ಳಿ. ನೀರು ತುಂಬಿದ ಮೇಲೆ ಆ ಫೋಟೋಗಳೇ ನಿಮ್ಮ ನಕ್ಷೆ.

ಏರುವಾಗ ಉಲ್ಟಾ. ಒಣಗಿ ಹುಲ್ಲು ಬೆಳೆದಿದ್ದ ನೆಲ ಮುಳುಗುತ್ತದೆ. ಇರುವೆ, ಎರೆಹುಳು, ಜೀರುಂಡೆ, ಹುಲ್ಲಿನ ಬೀಜ ಎಲ್ಲ ನೀರಿಗೆ ಬರುತ್ತವೆ. ಮೀನು ಇದಕ್ಕಾಗಿ ದಡಕ್ಕೆ ನುಗ್ಗುತ್ತದೆ, ಎಷ್ಟೋ ಸಲ ಮೊಣಕಾಲು ಮುಳುಗದ ನೀರಿಗೂ ಬರುತ್ತದೆ. ಆದರೆ ಇಲ್ಲಿ ಒಂದು ತೊಡಕಿದೆ. ನೀರಿನ ಹರಹು ದೊಡ್ಡದಾಗುತ್ತದೆ, ಮೀನು ಅಷ್ಟೇ ಇರುತ್ತದೆ, ಹಾಗಾಗಿ ಚದುರಿಹೋಗುತ್ತದೆ. ಕಂಟುಬಲೆ ಹಾಕುವವರು ಏರುನೀರಿನಲ್ಲಿ ಮೀನಿಲ್ಲ ಅಂತ ಗೊಣಗುವುದು ಇದಕ್ಕೇ. ಗಾಳದವರು ಗೊಣಗಬೇಕಿಲ್ಲ, ದೂರ ಎಸೆಯುವ ಚಟ ಬಿಟ್ಟರೆ ಸಾಕು. ಏರುವ ನೀರಿನಲ್ಲಿ ಜನ ಬಿಡುವ ದೊಡ್ಡ ಅವಕಾಶ ಇದೇ ಅಂತ ನನ್ನ ಅಭಿಪ್ರಾಯ. ಮೀನು ಕಾಲ ಬುಡದ ಹುಲ್ಲಿನಲ್ಲಿ ಮೇಯುತ್ತಿರುತ್ತದೆ, ಇವರು ಅದರ ತಲೆ ಮೇಲಿಂದ ಐವತ್ತು ಅಡಿ ಆಚೆ ಗಾಳ ಹಾಕಿ ಕೂತಿರುತ್ತಾರೆ. ಬೆಂಡು ಕಟ್ಟಿ, ಸೀಸ ಕಡಿಮೆ ಮಾಡಿ, ಮುಳುಗಿದ ಹುಲ್ಲಿನ ಅಂಚಿಗೇ ಎರೆಹುಳು ಬಿಡಿ. ಆ ಹೊತ್ತಿಗೆ ಅಲ್ಲಿ ಸಹಜವಾಗಿ ಸಿಗುವ ಆಹಾರವೂ ಅದೇ. ಹಿಂಡಿ, ತೌಡಿನ ಉಂಡೆ ನೀರು ನಿಂತಾಗ ಅಥವಾ ನಿಧಾನಕ್ಕೆ ಇಳಿಯುವಾಗ ರೋಹುವಿಗೆ ಚೆನ್ನಾಗಿ ಕೆಲಸ ಮಾಡುತ್ತದೆ.

ಏರುವ ನೀರೆಲ್ಲ ಒಳ್ಳೆಯದೇ ಅಂತಲೂ ಅಲ್ಲ. ಮೊದಲ ದೊಡ್ಡ ಮಳೆಗೆ ಗುಡ್ಡದ ಕೆಂಪು ಮಣ್ಣು, ಕೊಳೆತ ಎಲೆ ಎಲ್ಲ ಕೊಚ್ಚಿಕೊಂಡು ಬಂದು ನೀರು ಚಹಾ ಬಣ್ಣಕ್ಕೆ ತಿರುಗಿದರೆ ಕಣ್ಣಿನಿಂದ ಬೇಟೆಯಾಡುವ ಮೀನು ಸುಮ್ನೆ ಕೂರುತ್ತದೆ. ಆ ಎಲೆ ಕೊಳೆಯುವಾಗ ನೀರಿನ ಆಮ್ಲಜನಕವನ್ನೂ ತಿನ್ನುತ್ತದೆ. ಎರಡು ಮೂರು ದಿನ ಬಿಟ್ಟು ಕಲಕು ಸ್ವಲ್ಪ ತಳಕ್ಕೆ ಕೂತ ಮೇಲೆ, ಕೆಂಪು ನೀರು ಮತ್ತು ತಿಳಿ ನೀರು ಸೇರುವ ಗೆರೆ ಕಾಣುತ್ತದಲ್ಲ, ಅಲ್ಲಿ ಪ್ರಯತ್ನಿಸಿ.

ಸರಿ, ಹೋದ ಕೂಡಲೇ ನೀರು ಏರುತ್ತಿದೆಯೋ ಇಳಿಯುತ್ತಿದೆಯೋ ತಿಳಿಯುವುದು ಹೇಗೆ? ನೀರಿನ ಅಂಚಿಗಿಂತ ಮೇಲೆ ಕಲ್ಲಿನ ಮೇಲೆ ಒದ್ದೆ ಪಟ್ಟಿ ಇದ್ದು, ಗಾಳಿ ಅಲೆಗಳಿಲ್ಲದಿದ್ದರೆ, ಇಳಿಯುತ್ತಿದೆ. ಒಣ ಎಲೆ, ಕಡ್ಡಿ, ನೊರೆ ನೀರಿನ ಅಂಚಿನಲ್ಲೇ ತೇಲುತ್ತಾ ಹಸಿರು ಹುಲ್ಲು ನೀರೊಳಗೆ ನಿಂತಿದ್ದರೆ ಏರುತ್ತಿದೆ. ಅನುಮಾನವಿದ್ದರೆ ಒಂದು ಕೋಲು ನೆಟ್ಟು ನೀರಿನ ಮಟ್ಟಕ್ಕೆ ಗೀಟು ಹಾಕಿ, ಅರ್ಧ ಗಂಟೆ ಬಿಟ್ಟು ನೋಡಿ. ಇದಕ್ಕಿಂತ ಒಳ್ಳೆಯ ಆ್ಯಪ್ ಇನ್ನೂ ಬಂದಿಲ್ಲ. ದೊಡ್ಡ ಜಲಾಶಯಗಳ ಮಟ್ಟವನ್ನು ಮಳೆಗಾಲದಲ್ಲಿ ಪತ್ರಿಕೆಗಳು ದಿನಾ ಹಾಕುತ್ತವೆ. ಒಂದು ದಿನದ ಅಂಕಿ ನೋಡಿದರೆ ಉಪಯೋಗವಿಲ್ಲ, ಮೂರ್ನಾಲ್ಕು ದಿನದ್ದು ಪಕ್ಕಪಕ್ಕ ಇಟ್ಟು ನೋಡಿ.

ಮಟ್ಟ ಬದಲಾಗದೆಯೂ ನೀರು ಹರಿಯಬಹುದು ಅನ್ನುವುದನ್ನು ಮರೆಯಬೇಡಿ. ಕೊಡಸಳ್ಳಿಯಿಂದ ಬಂದಷ್ಟೇ ನೀರನ್ನು ಕದ್ರಾ ಕೆಳಗೆ ಬಿಡುತ್ತಿದ್ದರೆ ನಿಮ್ಮ ಕೋಲಿನ ಗೀಟು ಅಲ್ಲಾಡುವುದಿಲ್ಲ, ಆದರೆ ಒಳಗೆ ಸೆಳೆತ ಇರುತ್ತದೆ. ಹಿನ್ನೀರು ಕಿರಿದಾಗುವ ಕಡೆ, ಗುಡ್ಡದ ಮೂತಿಯ ಪಕ್ಕ, ಬೆಂಡು ತಾನಾಗಿಯೇ ಒಂದು ಕಡೆಗೆ ಸರಿಯುವುದರಿಂದ ಅದು ಗೊತ್ತಾಗುತ್ತದೆ. ಕಾರವಾರದವರಿಗೆ ಇದನ್ನು ಜಾಸ್ತಿ ಬಿಡಿಸಿ ಹೇಳಬೇಕಿಲ್ಲ. ಕಾಳಿಯ ಅಳಿವೆಯಲ್ಲಿ ಭರತಿ ಶುರುವಾದಾಗ ಅಥವಾ ಇಳಿತ ಎಳೆಯುವಾಗ ಮೀನು ಓಡಾಡುತ್ತದೆ, ನಡುವೆ ನೀರು ಸತ್ತು ನಿಂತ ಹೊತ್ತಿನಲ್ಲಿ ಬಲೆ ಎಳೆದು ಕೈ ನೋವು ಮಾಡಿಕೊಳ್ಳುವುದೇ ಲಾಭ. ಹರಿಯುವ ನೀರು ಆಹಾರ ತರುತ್ತದೆ, ಮೀನು ಸೆಳೆತದ ಪಕ್ಕದ ಶಾಂತ ನೀರಿನಲ್ಲಿ ನಿಂತು ಬಂದದ್ದನ್ನು ಹಿಡಿಯುತ್ತದೆ. ಸಮುದ್ರದಲ್ಲಿ ಇದು ಆರು ಗಂಟೆ ಚಿಲ್ಲರೆಗೊಮ್ಮೆ ತಿರುಗುತ್ತದೆ, ದಿನಕ್ಕೆ ಸುಮಾರು ಐವತ್ತು ನಿಮಿಷ ತಡವಾಗುತ್ತಾ ಹೋಗುತ್ತದೆ. ಜಲಾಶಯದಲ್ಲಿ ಚಂದ್ರನ ಬದಲು ಟರ್ಬೈನ್ ನೋಡಬೇಕು, ಅಷ್ಟೇ ವ್ಯತ್ಯಾಸ. ಒಂದೇ ಜಾಗದಲ್ಲಿ ಒಂದಷ್ಟು ಸಲ ಗಮನಿಸಿ ಬರೆದಿಟ್ಟುಕೊಂಡರೆ ಸೆಳೆತ ಯಾವ ಹೊತ್ತಿಗೆ ಬರುತ್ತದೆ ಅನ್ನುವ ಅಂದಾಜು ನಿಮಗೇ ಸಿಗುತ್ತದೆ.

ಇನ್ನು ಶಿರಸಿಯವರ ಮಾತು. ಅವರು ಹೇಳಿದ್ದು ಸುಳ್ಳಲ್ಲ. ಘಟ್ಟದ ಮೇಲಿನ ಕೆರೆಗೆ ಟರ್ಬೈನ್ ಇಲ್ಲ. ಮಳೆಗಾಲದಲ್ಲಿ ಕೋಡಿ ಬೀಳುತ್ತದೆ, ಆಮೇಲೆ ತೂಬಿನಿಂದ ಗದ್ದೆಗೆ, ಪಂಪಿನಿಂದ ಅಡಿಕೆ ತೋಟಕ್ಕೆ, ಉಳಿದದ್ದು ಬಿಸಿಲಿಗೆ. ಇಳಿಯುವುದು ತಿಂಗಳುಗಟ್ಟಲೆ, ನಿಧಾನಕ್ಕೆ. ಮೀನಿಗೆ ಹೊಂದಿಕೊಳ್ಳಲು ಸಮಯ ಸಿಗುತ್ತದೆ, ಜಾಗ ಮಾತ್ರ ಕಡಿಮೆಯಾಗುತ್ತಾ ಹೋಗುತ್ತದೆ. ಶಿರಸಿ, ಸಿದ್ದಾಪುರ, ಸೊರಬದ ಕಡೆ ಬೇಸಿಗೆಯಲ್ಲಿ ಕೆರೆಬೇಟೆ ನಡೆಯುವುದು ಇದೇ ಲೆಕ್ಕದ ಮೇಲೆ. ಊರಿಗೆ ಊರೇ ಕೂಣಿ (ಮೀನು ಹಿಡಿಯುವ ಬಿದಿರಿನ ಬುಟ್ಟಿ) ಹಿಡಿದು ಒಟ್ಟಿಗೆ ಇಳಿದಾಗ ಕೆಸರು ಕದಡಿ ಮೀನು ಮೇಲೇಳುತ್ತದೆ. ತುಂಬಿದ ಕೆರೆಯಲ್ಲಿ ಅದೇ ಜನ, ಅದೇ ಕೂಣಿ ಇಟ್ಟುಕೊಂಡು ಏನೂ ಮಾಡಲಾಗದು.

ಆದರೆ ಗಾಳದವರಿಗೆ ಆ ಮಾತಿಗೂ ಒಂದು ಮಿತಿ ಇದೆ. ಏಪ್ರಿಲ್, ಮೇ ಹೊತ್ತಿಗೆ ಕೆರೆ ತೀರಾ ತಗ್ಗಿದಾಗ ನೀರು ಬಿಸಿಯಾಗುತ್ತದೆ, ಬಿಸಿ ನೀರಿನಲ್ಲಿ ಆಮ್ಲಜನಕ ಕಡಿಮೆ ನಿಲ್ಲುತ್ತದೆ. ರಾತ್ರಿಯಿಡೀ ಪಾಚಿಯೂ ಉಸಿರಾಡುವುದರಿಂದ ಬೆಳಗಿನ ಜಾವ ಆಮ್ಲಜನಕ ತೀರಾ ಕಡಿಮೆಯಾಗಿಬಿಡುತ್ತದೆ. ಕಾಟ್ಲಾ, ರೋಹು ಮೇಲೆ ಬಂದು ಬಾಯಿ ಬಿಡುತ್ತಿರುವುದನ್ನು ನೋಡಿ ಖುಷಿಯಿಂದ ಗಾಳ ಹಾಕುತ್ತಾರೆ ಕೆಲವರು. ಅದು ಊಟಕ್ಕೆ ಬಂದದ್ದಲ್ಲ, ಉಸಿರಿಗೆ ಬಂದದ್ದು. ಮುಟ್ಟುವುದೂ ಇಲ್ಲ. ಆ ನೀರಿನಲ್ಲಿ ಚುರುಕಾಗಿರುವುದು ಗಾಳಿಯನ್ನೇ ಉಸಿರಾಡಬಲ್ಲ ಮೀನುಗಳು, ಅಂದರೆ ಕೊರವ, ಮುರುಗೋಡು, ಚೇಳು ಮೀನು. ಅವಕ್ಕೆ ಸಂಜೆ ಕತ್ತಲಾಗುವ ಹೊತ್ತು ಒಳ್ಳೆಯದು. ಚೇಳು ಮೀನನ್ನು ಗಾಳದಿಂದ ಬಿಡಿಸುವಾಗ ಮಾತ್ರ ಬಟ್ಟೆ ಹಿಡಿದೇ ಬಿಡಿಸಿ, ಪಕ್ಕದ ಮುಳ್ಳು ಚುಚ್ಚಿದರೆ ಆ ಉರಿ ಬೇಗ ಹೋಗುವಂಥದ್ದಲ್ಲ. ಕಾಟ್ಲಾ, ರೋಹು ಬೇಕಿದ್ದರೆ ಕೆರೆಗೆ ಫೆಬ್ರವರಿ, ಮಾರ್ಚ್‌ನಲ್ಲೇ ಹೋಗಿ. ನೀರು ಇಳಿದಿರುತ್ತದೆ, ಇನ್ನೂ ಕೆಟ್ಟಿರುವುದಿಲ್ಲ.

ಮೃಗಶಿರ, ಆರಿದ್ರಾ ಮಳೆಗೆ ಇದೆಲ್ಲ ಮತ್ತೆ ತಿರುಗುತ್ತದೆ. ಹೊಸ ನೀರು ಹಳ್ಳದಲ್ಲಿ ಇಳಿದ ಕೂಡಲೇ ಮೀನು ಎದುರು ಹತ್ತುತ್ತದೆ, ಗದ್ದೆಯ ಕಾಲುವೆಗೂ ಬರುತ್ತದೆ. ಹತ್ತುಮೀನು ಹಿಡಿಯುವ ಖುಷಿ ಗೊತ್ತಿಲ್ಲದವರು ಮಲೆನಾಡಿನಲ್ಲಿ ಯಾರಿದ್ದಾರೆ? ನಾನು ಬೇಡ ಅನ್ನುವ ಕಡೆಯವನು. ಹೊಟ್ಟೆ ತುಂಬ ಮೊಟ್ಟೆ ಇಟ್ಟುಕೊಂಡು ಹತ್ತುವ ಮೀನು ಅದು, ಒಂದರ ಹೊಟ್ಟೆಯಲ್ಲಿ ಸಾವಿರಗಟ್ಟಲೆ ಇರುತ್ತವೆ. ಏರಿದ ನೀರು ಕೆಲವು ವಾರ ನಿಂತು ಮರಿಗಳಿಗೆ ಹುಲ್ಲಿನ ಮರೆ ಸಿಕ್ಕಿದ ವರ್ಷದ ಫಲ ಒಂದೆರಡು ವರ್ಷ ಕಳೆದು ಗಾಳಕ್ಕೆ ಬರುತ್ತದೆ. ಏರಿ ಥಟ್ಟನೆ ಇಳಿದ ವರ್ಷ ಸಾಮಾನ್ಯ ಗೆಂಡೆಯಂಥವು ದಡದ ಹುಲ್ಲಿಗೆ ಅಂಟಿಸಿದ ಮೊಟ್ಟೆ ಬಿಸಿಲಿಗೆ ಒಣಗಿಹೋಗುತ್ತದೆ. ಕಾಟ್ಲಾ, ರೋಹುವಿನ ವಿಷಯ ಬೇರೆ. ಅವು ನಿಂತ ನೀರಿನಲ್ಲಿ ಮರಿ ಮಾಡುವುದಿಲ್ಲ, ಹರಿವ ನದಿ ಬೇಕು. ಕೆರೆಯಲ್ಲಿ ಸಿಗುವ ಕಾಟ್ಲಾ ಸಾಮಾನ್ಯವಾಗಿ ಯಾರೋ ತಂದು ಬಿಟ್ಟ ಮರಿ ದೊಡ್ಡದಾದದ್ದು. ಅಂಥ ಕೆರೆ ಜೋರಾಗಿ ಕೋಡಿ ಹರಿದ ವರ್ಷ ಮೀನು ನೀರಿನ ಜೊತೆ ಕೆಳಗೆ ಹೋಗಿಬಿಡುತ್ತದೆ, ನೀರು ತುಂಬಿದೆ ಅಂತ ಸಂತೋಷಪಟ್ಟವರ ಬುಟ್ಟಿ ಮುಂದಿನ ಬೇಸಿಗೆಯಲ್ಲಿ ಖಾಲಿ.

ಇಷ್ಟೆಲ್ಲ ಆದ ಮೇಲೆ, ಮುಂದಿನ ಸಲ ಕದ್ರಾಕ್ಕೆ ಹೋದಾಗ ಹೀಗೆ ಮಾಡಿ. ಕಡಿದಾದ ದಡದಲ್ಲಿ ಶುರು ಮಾಡಿ, ಕೋಲು ನೆಡಿ. ಏರುತ್ತಿದ್ದರೆ ಎರೆಹುಳು ಹಿಡಿದು ಹುಲ್ಲಿನ ದಡಕ್ಕೆ ಹೋಗಿ, ಹತ್ತಿರಕ್ಕೇ ಹಾಕಿ. ನಿಧಾನಕ್ಕೆ ಇಳಿಯುತ್ತಿದ್ದರೆ ಅಲ್ಲೇ ಇದ್ದು ಆಳ ಹೆಚ್ಚಿಸುತ್ತಾ ಹೋಗಿ, ಬೆಂಡನ್ನು ಮೇಲೆ ಸರಿಸಿದರೆ ಆಯಿತು. ಬೇಗ ಇಳಿಯುತ್ತಿದ್ದರೆ ಬುತ್ತಿ ಬಿಚ್ಚಿ ಊಟ ಮಾಡಿ, ನೀರು ನಿಂತ ಮೇಲೆ ಮತ್ತೆ ನೋಡಿ.

ಪರವಾನಗಿ ವಿಷಯ ನೀವು ಕೇಳಿಲ್ಲ, ಆದರೂ ಹೇಳುತ್ತೇನೆ. ಜಲಾಶಯದಲ್ಲಿ ಎಲ್ಲಿ ಹಿಡಿಯಬಹುದು ಅಂತ ಮೀನುಗಾರಿಕೆ ಇಲಾಖೆಯ ಕಚೇರಿಯಲ್ಲಿ ಕೇಳಿಕೊಂಡೇ ಹೋಗಿ. ಕೈಗಾ ಸ್ಥಾವರದ ಹತ್ತಿರ, ಹುಲಿ ಸಂರಕ್ಷಿತ ಪ್ರದೇಶದ ಒಳಗೆ ಗಾಳ ಹಿಡಿದು ಓಡಾಡುವುದು ಬೇಡ. ದಾಂಡೇಲಿ ಸುತ್ತಮುತ್ತ ಕಾಳಿಯಲ್ಲಿ ಮೊಸಳೆಗಳಿವೆ, ಅಲ್ಲಿ ತಗ್ಗು ನೀರಿಗೆ ಇಳಿದು ನಿಲ್ಲಬೇಡಿ. ಅಣೆಕಟ್ಟಿನ ಕೆಳಗೆ ನದಿ ನಡುವಿನ ಬಂಡೆ ಮೇಲೆ ಕೂತು ಗಾಳ ಹಾಕುವವರನ್ನು ಕಂಡರೆ ನನಗೆ ಸಿಟ್ಟೇ ಬರುತ್ತದೆ. ವಿದ್ಯುದಾಗಾರ ಚಾಲೂ ಆದರೆ ಅಲ್ಲಿ ಮಟ್ಟ ಏರಲು ಗಂಟೆಗಳು ಬೇಡ, ನಿಮಿಷಗಳು ಸಾಕು. ಸೈರನ್ ಕೇಳಿದ ಮೇಲೆ ಸಾಮಾನು ಕಟ್ಟುತ್ತಾ ಕೂರಬೇಡಿ, ಗಾಳ ಅಲ್ಲೇ ಬಿಟ್ಟು ದಡ ಹತ್ತಿ.